ಸಾಕುಪ್ರಾಣಿಗಳಿರುವ ಮನೆಗಳಲ್ಲಿ ಚಿಗಟ ಬಾಧೆ ಮತ್ತು ಅದರ ಹತೋಟಿ

ಚಿಗಟವು ನಾಯಿ, ಬೆಕ್ಕು ಮೊದಲಾದ ಪ್ರಾಣಿಗಳ ರಕ್ತ ಹೀರಿ ಬದುಕುವ, ರೆಕ್ಕೆಗಳಿಲ್ಲದ ಬಾಹ್ಯ ಪರೋಪಜೀವಿ ಕೀಟ. ಕಂದು ಬಣ್ಣದ ಇದರ ದೇಹ 1.5 ರಿಂದ 3 ಮಿಲಿಮೀಟರ್ ಉದ್ದವಿದ್ದು, ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾಗಿರುವುದರಿಂದ ಕೂದಲಿನ ನಡುವೆ ಸಲೀಸಾಗಿ ನುಸುಳಿ ಓಡುತ್ತದೆ. ಹಿಂಗಾಲುಗಳ ಬಲದಿಂದ ತನ್ನ ದೇಹದ ಹತ್ತಾರು ಪಟ್ಟು ದೂರ ಜಿಗಿಯಬಲ್ಲದು. ನಾಯಿ ಮತ್ತು ಬೆಕ್ಕು ಎರಡರ ಮೇಲೂ ಹೆಚ್ಚಾಗಿ ಕಂಡುಬರುವುದು ‘ಬೆಕ್ಕಿನ ಚಿಗಟ’ವೆಂದು ಹೆಸರಾದ ಟೀನೋಸೆಫಲೈಡಿಸ್ ಫೆಲಿಸ್ ಹಾಗೂ ಅದರ ಹತ್ತಿರದ ಸಂಬಂಧಿಯಾದ ಟೀನೋಸೆಫಲೈಡಿಸ್ ಓರಿಯೆಂಟಿಸ್. ಬೆಕ್ಕನ್ನೇ ಸಾಕದ ಮನೆಯ ನಾಯಿಗೂ ಬೆಕ್ಕಿನ ಚಿಗಟ ತಗಲುವುದು ಇದೇ ಕಾರಣದಿಂದ.

ಬಾಧೆ ಹೆಚ್ಚಾದಾಗ ಸಾಕಿದ ಪ್ರಾಣಿಯನ್ನು ಮನೆಯಿಂದ ಹೊರಗಟ್ಟುವುದು, ಇಲ್ಲವೆ ದನಗಳ ಉಣ್ಣೆಗೆಂದು ತಂದಿಟ್ಟ ಔಷಧಿಯನ್ನೇ ಅದರ ಮೈಗೆ ಸುರಿಯುವುದು ಹಲವೆಡೆ ರೂಢಿಯಲ್ಲಿದೆ. ಹೊರಗಟ್ಟುವುದರಿಂದ ಚಿಗಟ ಹೋಗುವುದಿಲ್ಲ. ಸಿಕ್ಕ ಔಷಧಿ ಸುರಿಯುವುದರಿಂದ ಪ್ರಾಣಿಯ ಜೀವವೇ ಹೋಗಬಹುದು. ಆದುದರಿಂದ ಈ ಕೀಟದ ಬದುಕಿನ ಕ್ರಮವನ್ನು ಅರಿತು ನಂತರ ಹತೋಟಿ ಕ್ರಮ ಕೈಗೊಳ್ಳುವುದು ಅಗತ್ಯ.

ಗುರುತಿಸುವ ಬಗೆ

ಪ್ರಾಣಿಯು ಸೊಂಟ, ಬಾಲದ ಬುಡ ಮತ್ತು ತೊಡೆಗಳ ಭಾಗವನ್ನು ಪದೇ ಪದೇ ಕಚ್ಚಿಕೊಳ್ಳುವುದು, ಅಲ್ಲಿ ಕೂದಲು ಉದುರಿ ಚರ್ಮ ಕೆಂಪಾಗುವುದು ಮುಖ್ಯ ಲಕ್ಷಣ. ಬೆಕ್ಕುಗಳು ತಮ್ಮ ಮೈಯನ್ನು ಸದಾ ನೆಕ್ಕಿಕೊಳ್ಳುತ್ತ ಚಿಗಟಗಳನ್ನು ನುಂಗಿಬಿಡುವುದರಿಂದ ಅವುಗಳ ಮೈಮೇಲೆ ಒಂದೂ ಕಾಣದಿರಬಹುದು. ಅಂಥ ಸಂದರ್ಭದಲ್ಲಿ ಹೇನು ಬಾಚುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದ ಅಥವಾ ಹತ್ತಿಯ ಮೇಲೆ ಹಾಕಿ ನೋಡತಕ್ಕದ್ದು. ಪುಡಿಯ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಅಂದರೆ ಜೀರ್ಣವಾಗದೆ ಉಳಿದ ರಕ್ತ. ಮನುಷ್ಯರಿಗೆ ಕಡಿತಗಳು ಸಾಮಾನ್ಯವಾಗಿ ಪಾದದ ಗಂಟಿನ ಸುತ್ತ ಹಾಗೂ ಮೊಣಕಾಲಿನ ಕೆಳಗೆ ಗುಂಪಾಗಿ ಕಾಣಿಸಿಕೊಳ್ಳುತ್ತವೆ.

ಚಿಗಟ ಮತ್ತು ಉಣ್ಣೆ ಬೇರೆ ಬೇರೆ. ಉಣ್ಣೆ ಅಥವಾ ಉಣುಗು ಎಂಟು ಕಾಲಿನ ಜೀವಿ. ಒಂದೇ ಕಡೆ ಕಚ್ಚಿ ಹಿಡಿದು ಉಬ್ಬುತ್ತದೆ, ಜಿಗಿಯುವುದಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ 1957ರಲ್ಲಿ ಮೊದಲಿಗೆ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಉಣುಗುಗಳೇ ಹೊರತು ಚಿಗಟಗಳಲ್ಲ. ಮಲೆನಾಡಿನ ಭಾಗದಲ್ಲಿ ಈ ವಿಷಯವಾಗಿ ಅನಗತ್ಯ ಭಯ ಬೇಡ.

ಜೀವನ ಚಕ್ರ

ಹೆಣ್ಣು ಚಿಗಟವು ಮೊದಲ ಬಾರಿ ರಕ್ತ ಹೀರಿದ 24 ರಿಂದ 48 ಗಂಟೆಗಳಲ್ಲಿ ಮೊಟ್ಟೆಯಿಡಲು ತೊಡಗಿ, ದಿನಕ್ಕೆ 40 ರಿಂದ 50ರವರೆಗೂ ಇಡುತ್ತದೆ. ಹೇನಿನ ಸೀರಿನಂತೆ ಈ ಮೊಟ್ಟೆಗಳು ಕೂದಲಿಗೆ ಅಂಟಿಕೊಂಡಿರುವುದಿಲ್ಲ. ನುಣುಪಾದ ಇವು ಪ್ರಾಣಿ ನಡೆದಲ್ಲಿ, ಮಲಗಿದಲ್ಲಿ, ಮೈ ಕೊಡವಿದಲ್ಲಿ ಉಪ್ಪಿನ ಕಣಗಳಂತೆ ಉದುರುತ್ತವೆ. ಕೆಲವು ದಿನಗಳಲ್ಲಿ ಒಡೆದು ಹೊರಬರುವ ಮರಿಹುಳುಗಳು ಬೆಳಕಿಗೆ ಹೆದರಿ ನೆಲದ ಬಿರುಕು, ಚಾಪೆಯ ಅಡಿ, ಕಂಬಳಿಯ ಎಳೆ, ಸೋಫಾದ ಸಂದು, ಗೋಣಿಚೀಲದ ಮಡಿಕೆಗಳನ್ನು ಸೇರುತ್ತವೆ. ಅವು ಕಚ್ಚುವುದಿಲ್ಲ; ದೊಡ್ಡ ಚಿಗಟಗಳ ಹಿಕ್ಕೆಯಾಗಿ ಉದುರಿದ ಒಣರಕ್ತವೇ ಅವುಗಳ ಮುಖ್ಯ ಆಹಾರ. ಬಳಿಕ ರೇಷ್ಮೆಯಂಥ ನೂಲಿನಿಂದ ಗೂಡು ಕಟ್ಟಿಕೊಂಡು ಕೋಶಾವಸ್ಥೆಗೆ ಹೋಗುತ್ತವೆ. ಅಂಟಾದ ಈ ಗೂಡಿಗೆ ಧೂಳು, ಮರಳು ಮೆತ್ತಿಕೊಳ್ಳುವುದರಿಂದ ಎದುರಿಗಿದ್ದರೂ ಕಣ್ಣಿಗೆ ಕಾಣುವುದಿಲ್ಲ, ಗುಡಿಸಿದರೂ ಸುಲಭವಾಗಿ ಬಿಟ್ಟುಬರುವುದಿಲ್ಲ.

ಹತೋಟಿಯ ಕಷ್ಟವೆಲ್ಲ ಇರುವುದು ಈ ಗೂಡಿನಲ್ಲಿ. ಅನುಕೂಲ ವಾತಾವರಣವಿದ್ದರೆ ಒಂದೆರಡು ವಾರಗಳಲ್ಲಿ ಚಿಗಟ ಹೊರಬರುತ್ತದೆ. ಆಗ ಮೊಟ್ಟೆಯಿಂದ ಚಿಗಟದವರೆಗಿನ ಚಕ್ರ ಮೂರು ನಾಲ್ಕು ವಾರಗಳಲ್ಲಿ ಮುಗಿಯುತ್ತದೆ. ಹೊರಗೆ ಆಹಾರದ ಸುಳಿವಿಲ್ಲದಿದ್ದರೆ ಪೂರ್ಣ ಬೆಳೆದ ಚಿಗಟವು ಗೂಡಿನೊಳಗೇ ಹಲವು ತಿಂಗಳು ಕಾಯಬಲ್ಲದು. ನಡೆದಾಡುವ ಕಾಲಿನ ಒತ್ತಡ, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ಇವೇ ಅದಕ್ಕೆ ಕರೆ. ಬೇಸಿಗೆ ರಜೆಗೆಂದು ಮನೆಗೆ ಬೀಗ ಹಾಕಿ ಊರಿಗೆ ಹೋದ ಕುಟುಂಬವು ತಿಂಗಳ ನಂತರ ಹಿಂದಿರುಗಿ ಬಾಗಿಲು ತೆರೆದ ದಿನವೇ ಕಾಲಿಗೆ ಚಿಗಟಗಳು ಮುತ್ತುವುದು ಇದರಿಂದಾಗಿಯೇ. ಕೀಟನಾಶಕಗಳು ಗೂಡಿನೊಳಗಿನ ಕೀಟವನ್ನು ಸಾಮಾನ್ಯವಾಗಿ ತಲುಪುವುದಿಲ್ಲ.

ಬಾಧೆಗೊಳಗಾದ ಮನೆಯಲ್ಲಿನ ಒಟ್ಟು ಚಿಗಟ ಸಂತತಿಯಲ್ಲಿ ಪ್ರಾಣಿಯ ಮೈಮೇಲೆ ಕಾಣುವ ದೊಡ್ಡ ಚಿಗಟಗಳ ಪಾಲು ಸುಮಾರು ಶೇ. 5 ಮಾತ್ರವೆಂದು ಅಂದಾಜಿಸಲಾಗಿದೆ. ಉಳಿದುದೆಲ್ಲ ಮೊಟ್ಟೆ, ಮರಿಹುಳು ಮತ್ತು ಗೂಡುಗಳ ರೂಪದಲ್ಲಿ ಮನೆಯಲ್ಲಿರುತ್ತದೆ.

ಪ್ರಾಣಿಯನ್ನು ಹೊರಹಾಕುವುದು ಪರಿಹಾರವಲ್ಲ

ನಾಯಿ ಅಥವಾ ಬೆಕ್ಕನ್ನು ಹೊರಹಾಕಿದ ಮನೆಯಲ್ಲಿ ಗೂಡಿನಿಂದ ಹೊರಬರುವ ಚಿಗಟಗಳಿಗೆ ಮನುಷ್ಯರ ಹೊರತು ಬೇರೆ ಆಸರೆ ಇರುವುದಿಲ್ಲ. ಆದುದರಿಂದ ಪ್ರಾಣಿ ಹೋದ ಮರುವಾರವೇ ಮನೆಯವರಿಗೆ, ವಿಶೇಷವಾಗಿ ನೆಲದ ಮೇಲೆ ಆಡುವ ಮಕ್ಕಳಿಗೆ ಕಡಿತ ಹೆಚ್ಚಾಗುತ್ತದೆ. ಇದಕ್ಕೆ ಬದಲಾಗಿ, ಸೂಕ್ತ ಔಷಧಿ ಹಾಕಿಸಿಕೊಂಡ ಪ್ರಾಣಿಯು ಎಂದಿನಂತೆ ಮನೆಯಲ್ಲಿ ಓಡಾಡಿಕೊಂಡಿದ್ದರೆ, ಹೊಸದಾಗಿ ಹೊರಬರುವ ಚಿಗಟಗಳು ಅದರ ಮೈಗೇ ಹಾರಿ, ಮೊಟ್ಟೆಯಿಡುವ ಮೊದಲೇ ಸಾಯುತ್ತವೆ. ಈ ರೀತಿಯಲ್ಲಿ ಮನೆಯನ್ನು ಶುದ್ಧಗೊಳಿಸುವುದು ಆ ಪ್ರಾಣಿಯೇ. ಚಿಕಿತ್ಸೆಯ ಅವಧಿಯಲ್ಲಿ ಅದನ್ನು ಹಿತ್ತಿಲಿನಲ್ಲಿ ಕಟ್ಟಿಹಾಕುವುದರಿಂದಲೂ ಈ ಪ್ರಯೋಜನ ತಪ್ಪಿಹೋಗುತ್ತದೆ.

ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಸಾಕುಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಪ್ರಕರಣ 11ರ ಅನ್ವಯ ಅಪರಾಧವೂ ಆಗಿರುತ್ತದೆ.

ಪ್ರಾಣಿಗೆ ಚಿಕಿತ್ಸೆ

ಮನೆಯಲ್ಲಿರುವ ಎಲ್ಲ ನಾಯಿ ಮತ್ತು ಬೆಕ್ಕುಗಳಿಗೂ, ತುರಿಕೆ ಇರಲಿ ಇಲ್ಲದಿರಲಿ, ಒಂದೇ ದಿನ ಚಿಕಿತ್ಸೆ ಆರಂಭಿಸಬೇಕು. ಫಿಪ್ರೋನಿಲ್, ಇಮಿಡಾಕ್ಲೋಪ್ರಿಡ್, ಸೆಲಮೆಕ್ಟಿನ್ ಮುಂತಾದವುಗಳನ್ನು ಕತ್ತಿನ ಹಿಂಭಾಗದಲ್ಲಿ, ಪ್ರಾಣಿಯ ನಾಲಿಗೆಗೆ ಎಟುಕದಂತೆ, ಕೂದಲು ಸರಿಸಿ ಚರ್ಮದ ಮೇಲೆ ಹನಿಸಲಾಗುತ್ತದೆ. ಫ್ಲೂರಾಲನರ್, ಅಫಾಕ್ಸೋಲನರ್ ಮೊದಲಾದವು ನಾಯಿಗಳಿಗೆ ಬಾಯಿಯ ಮೂಲಕ ಕೊಡುವ ಮಾತ್ರೆಗಳ ರೂಪದಲ್ಲಿಯೂ ದೊರೆಯುತ್ತವೆ. ಮೂರ್ಛೆರೋಗವಿರುವ ನಾಯಿಯಾದಲ್ಲಿ ಅದನ್ನು ಪಶುವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಪ್ರಮಾಣವು ಪ್ರಾಣಿಯ ತೂಕವನ್ನು ಅವಲಂಬಿಸಿದೆ. ದೊಡ್ಡ ನಾಯಿಯ ಔಷಧಿಯನ್ನು ಅಂದಾಜಿನ ಮೇಲೆ ಭಾಗ ಮಾಡಿ ಸಣ್ಣದಕ್ಕೆ ಹಾಕಬಾರದು. ಹನಿಸುವ ಔಷಧಿಯ ಹಿಂದಿನ ಮತ್ತು ಮುಂದಿನ ಎರಡು ದಿನ ಸ್ನಾನ ಮಾಡಿಸದಿರುವುದು ಒಳ್ಳೆಯದು.

ತೀರ ಎಳೆಯ ಮರಿಗಳಿಗೆ ಬಹುತೇಕ ಔಷಧಿಗಳು ಸಲ್ಲವು. ಆದರೆ ಚಿಗಟದಿಂದ ಹೆಚ್ಚು ಅಪಾಯವಿರುವುದೂ ಅವಕ್ಕೇ. ನೂರಾರು ಚಿಗಟಗಳು ಹೀರುವ ರಕ್ತದಿಂದ ನಾಯಿಮರಿ, ಬೆಕ್ಕಿನ ಮರಿಗಳು ರಕ್ತಹೀನತೆಗೊಳಗಾಗಿ ಸಾಯುವುದುಂಟು. ವಸಡುಗಳು ಬಿಳಿಚಿಕೊಂಡು ಮರಿ ಮಂಕಾಗಿದ್ದರೆ ಒಂದು ದಿನವೂ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಉಳಿದಂತೆ ಮರಿಗಳನ್ನು ದಿನಕ್ಕೆರಡು ಬಾರಿ ಬಾಚಿ, ಬಾಚಣಿಗೆಯನ್ನು ಸಾಬೂನು ನೀರಿನಲ್ಲಿ ಅದ್ದಿ ಚಿಗಟಗಳನ್ನು ಮುಳುಗಿಸುವುದು, ತಾಯಿಗೆ ವೈದ್ಯರು ಸೂಚಿಸಿದ ಔಷಧಿ ಹಾಕುವುದು, ಹಾಸಿಗೆ ಬಟ್ಟೆ ಬದಲಿಸುವುದು ಸುರಕ್ಷಿತ ಮಾರ್ಗ.

ಬೆಕ್ಕುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ: ಪರ್ಮೆಥ್ರಿನ್ ಇರುವ ನಾಯಿಗಳ ಔಷಧಿಯನ್ನು ಬೆಕ್ಕಿಗೆ ಎಂದಿಗೂ ಹಾಕಬಾರದು. ನಾಯಿಗೆ ಸಲ್ಲುವ ಈ ಪದಾರ್ಥವನ್ನು ವಿಭಜಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ನಡುಕ, ಜೊಲ್ಲು ಸುರಿತ, ಸೆಳೆತ ಉಂಟಾಗಿ ಸಾವು ಸಂಭವಿಸಬಹುದು. ಅಕಸ್ಮಾತ್ ತಗಲಿದಲ್ಲಿ ಪಾತ್ರೆ ತೊಳೆಯುವ ಸಾಬೂನು ಮತ್ತು ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಔಷಧಿಯ ಪೊಟ್ಟಣದೊಂದಿಗೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಹೊಸದಾಗಿ ಇಂಥ ಔಷಧಿ ಹಾಕಿದ ನಾಯಿಯ ಪಕ್ಕದಲ್ಲಿ ಬೆಕ್ಕು ಮಲಗದಂತೆ, ಅದರ ಮೈ ನೆಕ್ಕದಂತೆ ನೋಡಿಕೊಳ್ಳಬೇಕು. ದನಗಳ ಉಣ್ಣೆಗೆ ಬಳಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ದ್ರಾವಣಗಳೂ ಬೆಕ್ಕಿಗೆ ಅಪಾಯಕಾರಿ. ಅಮಿಟ್ರಾಜ್ ಉಣ್ಣೆಗೆ ಮದ್ದೇ ಹೊರತು ಚಿಗಟದ ಮೇಲೆ ಪರಿಣಾಮಕಾರಿಯಲ್ಲ. ಅದರಿಂದ ಬೆಕ್ಕಿಗೆ ವಿಷವೇರುವುದಷ್ಟೇ ಫಲ. ಮೊಲ ಸಾಕಿರುವವರು ಅದಕ್ಕೆ ಫಿಪ್ರೋನಿಲ್ ತಗಲದಂತೆ ಎಚ್ಚರ ವಹಿಸಬೇಕು.

ಸೀಮೆಎಣ್ಣೆ, ಫಿನೈಲ್, ಹೊಗೆಸೊಪ್ಪಿನ ಕಷಾಯ, ನುಸಿಗುಳಿಗೆ ಇವುಗಳನ್ನು ಪ್ರಾಣಿಯ ಮೈಗಾಗಲಿ, ಹಾಸಿಗೆಗಾಗಲಿ ಬಳಸಬಾರದು. ಪ್ರಾಣಿಯು ತನ್ನ ಮೈಯನ್ನು ನೆಕ್ಕಿಕೊಳ್ಳುತ್ತದೆಂಬುದನ್ನು ಮರೆಯಬಾರದು. ಹಿಂದೊಮ್ಮೆ ಮನೆಮನೆಯಲ್ಲಿದ್ದ ಗ್ಯಾಮಾಕ್ಸಿನ್ ಪುಡಿಯ ಮೂಲದ್ರವ್ಯವಾದ ಬಿ.ಎಚ್.ಸಿ.ಯನ್ನು ಭಾರತದಲ್ಲಿ 1997ರಲ್ಲಿಯೇ ನಿಷೇಧಿಸಲಾಗಿದೆ. ಅಟ್ಟದ ಮೇಲೆ ಉಳಿದಿರುವ ಹಳೆಯ ಡಬ್ಬಿಗಳನ್ನು ಬಳಸುವಂತಿಲ್ಲ.

ಮನೆಯ ಶುಚಿತ್ವ

ಮೊದಲು ಪ್ರಾಣಿ ಮಲಗುವ ಜಾಗಗಳನ್ನು ಗುರುತಿಸಬೇಕು. ಮೊಟ್ಟೆಗಳು ಅಲ್ಲಿಯೇ ಹೆಚ್ಚು. ಅದರ ಹಾಸು ಬಟ್ಟೆ, ಮನೆಯವರ ಹೊದಿಕೆ, ನೆಲಹಾಸುಗಳನ್ನು ವಾರಕ್ಕೊಮ್ಮೆಯಾದರೂ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ತೊಳೆಯಲಾಗದ ಹಳೆಯ ಗೋಣಿಚೀಲವನ್ನು ಉಳಿಸಿಕೊಳ್ಳುವುದಕ್ಕಿಂತ ಎಸೆಯುವುದೇ ಲೇಸು.

ವ್ಯಾಕ್ಯೂಮ್ ಕ್ಲೀನರ್ ಇದ್ದಲ್ಲಿ ಸೋಫಾ, ಮಂಚದ ಅಡಿ, ಗೋಡೆಯಂಚುಗಳಲ್ಲಿ ದಿನವೂ ಬಳಸತಕ್ಕದ್ದು. ಅದು ಮೊಟ್ಟೆಗಳನ್ನು ಎಳೆದುಕೊಳ್ಳುವುದಲ್ಲದೆ, ಅದರ ಅದುರುವಿಕೆಯಿಂದ ಗೂಡಿನಲ್ಲಿ ಅಡಗಿದ ಚಿಗಟಗಳು ಎಚ್ಚೆತ್ತು ಹೊರಬರುತ್ತವೆ. ಹೊರಬಂದ ಮೇಲೆ ಔಷಧಿಗೆ ಸಿಗುತ್ತವೆ. ಸಂಗ್ರಹವಾದ ಕಸವನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೂಡಲೇ ಮನೆಯಿಂದ ಹೊರಹಾಕಬೇಕು. ಪೊರಕೆಯನ್ನಷ್ಟೇ ಬಳಸುವ ಮನೆಗಳಲ್ಲಿ ಗುಡಿಸಿದ ಕಸವನ್ನು ಮೂಲೆಯಲ್ಲಿ ಕೂಡಿಡದೆ ಸಾಬೂನು ನೀರಿರುವ ಬಕೆಟ್ಟಿಗೆ ಹಾಕಿ, ನಂತರ ನೆಲ ಒರೆಸಬೇಕು. ಸಿಮೆಂಟು ಅಥವಾ ಮಣ್ಣಿನ ನೆಲದ ಬಿರುಕುಗಳನ್ನು ಮುಚ್ಚಿಸುವುದು ಒಮ್ಮೆ ಮಾಡಿದರೆ ಬಹುಕಾಲ ಉಪಯೋಗಕ್ಕೆ ಬರುವ ಕೆಲಸ.

ಬಾಧೆ ತೀವ್ರವಾಗಿದ್ದಲ್ಲಿ ಮಾತ್ರ ಮನೆಯೊಳಗೆ ಸಿಂಪರಣೆ ಬೇಕಾಗಬಹುದು. ದೊಡ್ಡ ಕೀಟವನ್ನು ಕೊಲ್ಲುವ ಔಷಧಿಯ ಜೊತೆಗೆ ಮರಿಹುಳುಗಳ ಬೆಳವಣಿಗೆ ತಡೆಯುವ ಮೆಥೊಪ್ರೀನ್ ಅಥವಾ ಪೈರಿಪ್ರಾಕ್ಸಿಫೆನ್ ಸೇರಿದ್ದರೆ ಪರಿಣಾಮ ಹೆಚ್ಚು. ಸಿಂಪಡಿಸುವಾಗ ಮಕ್ಕಳು, ಪ್ರಾಣಿಗಳು, ಪಕ್ಷಿಗಳ ಪಂಜರ ಹೊರಗಿರಬೇಕು. ನೆಲ ಪೂರ್ಣ ಒಣಗಿ ಗಾಳಿಯಾಡಿದ ನಂತರವೇ ಒಳಗೆ ಬರಬೇಕು. ಮೀನಿನ ತೊಟ್ಟಿಯನ್ನು ಹೊರಗೊಯ್ಯಲಾಗದಿದ್ದರೆ ಅದರ ಗಾಳಿಯ ಪಂಪನ್ನು ನಿಲ್ಲಿಸಿ ಮುಚ್ಚಿಡಬೇಕು. ರಾತ್ರಿ ದೀಪದ ಕೆಳಗೆ ಸಾಬೂನು ನೀರಿನ ತಟ್ಟೆ ಇಡುವ ಪದ್ಧತಿಯಿಂದ ಚಿಗಟ ಇನ್ನೂ ಇದೆಯೇ ಎಂದು ತಿಳಿಯಬಹುದು, ನಿರ್ಮೂಲನವಾಗದು.

ಹೊರಾಂಗಣದಲ್ಲಿ ಬಿಸಿಲು ಬೀಳುವ ಒಣನೆಲಕ್ಕೆ ಔಷಧಿ ಸುರಿಯುವುದು ವ್ಯರ್ಥ. ಒಣ ಬಿಸಿಲಿನಲ್ಲಿ ಮರಿಹುಳುಗಳು ತಾವಾಗಿಯೇ ಸಾಯುತ್ತವೆ. ಗಮನ ಬೇಕಾದುದು ನೆರಳು ಮತ್ತು ತೇವ ಇರುವ ಕಡೆಗೆ: ಜಗಲಿಯ ಅಡಿ, ಸೌದೆ ರಾಶಿ, ಕೊಟ್ಟಿಗೆಯ ಮೂಲೆ, ಆಡುಗಳ ದೊಡ್ಡಿ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತೇವಾಂಶ ಚಿಗಟಕ್ಕೆ ಅನುಕೂಲವಾದುದರಿಂದ ಅಲ್ಲಿನವರು ಮುಂಗಾರಿಗೆ ಮೊದಲೇ ಚಿಕಿತ್ಸೆ ಆರಂಭಿಸುವುದು ಸೂಕ್ತ.

ಆರೋಗ್ಯದ ಮೇಲಿನ ಪರಿಣಾಮ

ಚಿಗಟವನ್ನು ನುಂಗಿದ ನಾಯಿ ಬೆಕ್ಕುಗಳಿಗೆ ಡಿಪಿಲಿಡಿಯಂ ಎಂಬ ಲಾಡಿಹುಳು ತಗಲುತ್ತದೆ. ಮಲದ್ವಾರದ ಸುತ್ತ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಜಂತುನಾಶಕ ಕೊಡಿಸಬೇಕು; ಚಿಗಟ ಉಳಿದಿರುವವರೆಗೆ ಹುಳು ಮರುಕಳಿಸುತ್ತದೆ. ಅಪರೂಪಕ್ಕೆ ಆಕಸ್ಮಿಕವಾಗಿ ಚಿಗಟ ನುಂಗಿದ ಚಿಕ್ಕ ಮಕ್ಕಳಿಗೂ ಇದು ಬರುವುದುಂಟು. ಬೆಕ್ಕು ಪರಚಿದ ಗಾಯದಿಂದ ಬರುವ ಜ್ವರದ ರೋಗಾಣು ಬೆಕ್ಕಿನಿಂದ ಬೆಕ್ಕಿಗೆ ಹರಡುವುದೂ ಚಿಗಟದಿಂದಲೇ.

1898ರಲ್ಲಿ ಬೆಂಗಳೂರು, ಮೈಸೂರುಗಳನ್ನು ಕಾಡಿದ ಪ್ಲೇಗಿನ ನೆನಪಿನಿಂದ ಚಿಗಟವೆಂದೊಡನೆ ಆತಂಕಪಡುವವರಿದ್ದಾರೆ. ಪ್ಲೇಗನ್ನು ಮುಖ್ಯವಾಗಿ ಹರಡುವುದು ಇಲಿಯ ಚಿಗಟ. ಅದು ಬೇರೆಯೇ ಪ್ರಭೇದ. ಆದರೆ ಮನೆಯಲ್ಲಿ ಅಥವಾ ನೆರೆಯಲ್ಲಿ ಇಲಿಗಳು ಕಾರಣವಿಲ್ಲದೆ ಸತ್ತು ಬೀಳುತ್ತಿದ್ದರೆ ಅವುಗಳನ್ನು ಬರಿಗೈಯಲ್ಲಿ ಮುಟ್ಟದೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು.

ಎಷ್ಟು ಕಾಲ ಮುಂದುವರಿಸಬೇಕು

ಚಿಕಿತ್ಸೆ ಆರಂಭಿಸಿದ ಎರಡು ಮೂರು ವಾರಗಳ ನಂತರ ಚಿಗಟಗಳು ಮತ್ತೆ ಕಾಣಿಸಿಕೊಂಡಾಗ ಔಷಧಿ ಫಲಿಸಲಿಲ್ಲವೆಂದು ನಿಲ್ಲಿಸಿಬಿಡುವವರೇ ಹೆಚ್ಚು. ಅವು ಹಳೆಯ ಗೂಡುಗಳಿಂದ ಹೊಸದಾಗಿ ಬಂದವು. ಪ್ರಾಣಿಯ ಔಷಧಿ ಮತ್ತು ಮನೆಯ ಶುಚಿತ್ವವನ್ನು ಕನಿಷ್ಠ ಮೂರು ತಿಂಗಳು ತಪ್ಪದೆ ಮುಂದುವರಿಸಬೇಕು. ಆನಂತರವೂ ಬಾಧೆ ಉಳಿದಿದ್ದರೆ ಲೆಕ್ಕಕ್ಕೆ ಸಿಗದ ಪ್ರಾಣಿಯೊಂದು ಇರುವುದನ್ನು ಶಂಕಿಸಬೇಕು: ಅಟ್ಟದಲ್ಲಿ ಮರಿ ಹಾಕಿದ ಬೀದಿ ಬೆಕ್ಕು, ರಾತ್ರಿ ಜಗಲಿಯಲ್ಲಿ ಮಲಗಿ ಹೋಗುವ ನಾಯಿ, ಹಿತ್ತಿಲಿನ ಹೆಗ್ಗಣ. ಅಕ್ಕಪಕ್ಕದ ಮನೆಗಳವರು ತಮ್ಮ ಪ್ರಾಣಿಗಳಿಗೂ ಅದೇ ತಿಂಗಳಲ್ಲಿ ಚಿಕಿತ್ಸೆ ಕೊಡಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಔಷಧಿಯ ಆಯ್ಕೆ ಮತ್ತು ಪ್ರಮಾಣಕ್ಕಾಗಿ ಸಮೀಪದ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯದ ವೈದ್ಯಾಧಿಕಾರಿಗಳನ್ನು ಕಾಣುವುದು. ಹೋಗುವಾಗ ಪ್ರಾಣಿಯ ತೂಕ, ವಯಸ್ಸು, ಗಬ್ಬವಾಗಿದೆಯೇ ಎಂಬ ವಿವರ ಹಾಗೂ ಮನೆಯಲ್ಲಿ ಬೆಕ್ಕು ಇದೆಯೇ ಎಂಬುದನ್ನು ತಪ್ಪದೆ ತಿಳಿಸುವುದು.