ಎಂ.ವಿ. ಫೌಂಡೇಷನ್: ಮಕ್ಕಳನ್ನು ಶಾಲೆಯಲ್ಲಿ ಉಳಿಸಿದ ಊರಿನ ಕಾರ್ಯಕರ್ತರು

ಬಡ ಕುಟುಂಬದ ಮಗುವನ್ನು ಶಾಲೆಗೆ ದಾಖಲಿಸುವುದಕ್ಕಿಂತ ಅಲ್ಲಿಯೇ ಉಳಿಸಿಕೊಳ್ಳುವುದು ಕಠಿಣ. ಇಂದಿನ ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯಲ್ಲಿ ಈ ಹೊಣೆಯನ್ನು ಊರಿನವರಿಗೇ ವಹಿಸಿದ ಸಂಸ್ಥೆ ಎಂ.ವಿ. ಫೌಂಡೇಷನ್.

ಮಾಮಿಡಿಪೂಡಿ ವೆಂಕಟರಂಗಯ್ಯನವರ ಸ್ಮರಣಾರ್ಥ 1981ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಯು ಅವರ ಮೊಮ್ಮಗಳು ಶಾಂತಾ ಸಿನ್ಹಾ ಅವರ ನೇತೃತ್ವದಲ್ಲಿ, 1991ರಿಂದ ಬಾಲಕಾರ್ಮಿಕರ ಬಿಡುಗಡೆಗೆ ತೊಡಗಿತು. ಶಾಲೆಯಿಂದ ಹೊರಗುಳಿದ ಪ್ರತಿಯೊಂದು ಮಗುವೂ ಬಾಲಕಾರ್ಮಿಕನೇ ಎಂಬುದು ಅದರ ನಿಲುವು.

ಕಾರ್ಯವಿಧಾನ

ಕಾರ್ಯಕರ್ತರು ಆಯಾ ಹಳ್ಳಿಯ ಯುವಕ ಯುವತಿಯರು. ಹಲವರು ತಮ್ಮ ಮನೆತನದಲ್ಲಿ ಮೊದಲು ಅಕ್ಷರ ಕಲಿತವರು. ಮನೆಮನೆಗೆ ತೆರಳಿ ತಂದೆತಾಯಿಯರ ಮನವೊಲಿಸುವುದು, ಮಕ್ಕಳನ್ನು ದುಡಿಸಿಕೊಳ್ಳುವ ಜಮೀನುದಾರರೊಡನೆ ಮಾತುಕತೆ ನಡೆಸುವುದು ಇವರ ಕೆಲಸ. ಕೂಲಿ ನಷ್ಟಕ್ಕೆ ಪಾಲಕರಿಗೆ ಹಣ ನೀಡುವ ಪದ್ಧತಿ ಇಲ್ಲ.

ಹತ್ತು ಹನ್ನೆರಡರ ಮಗು ಒಂದನೇ ತರಗತಿಯ ಪುಟಾಣಿಗಳ ನಡುವೆ ಕೂರಲು ನಾಚುತ್ತದೆ. ಅಂಥವರಿಗೆ ವಸತಿಸಹಿತ ಸೇತುಬಂಧ ಶಿಬಿರಗಳಲ್ಲಿ ಪಾಠ ಕಲಿಸಿ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಲಾಗುತ್ತದೆ. ಆನಂತರವೂ ಗೈರುಹಾಜರಾದವರ ಮನೆಗೆ ಕಾರ್ಯಕರ್ತರು ಹೋಗುತ್ತಾರೆ. ನಾಲ್ಕು ದಿನದ ಗೈರುಹಾಜರಿ ಮರಳಿ ಕೂಲಿಗೆ ದಾರಿಯಾಗಬಾರದೆಂಬುದು ಇದರ ಉದ್ದೇಶ.

ಮನ್ನಣೆ

ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2007ರಲ್ಲಿ ಅವರು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಪ್ರಥಮ ಅಧ್ಯಕ್ಷೆಯಾದರು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆ ಬಿಟ್ಟ ಮಕ್ಕಳಿಗೆ ವಯಸ್ಸಿಗೆ ತಕ್ಕ ತರಗತಿಯನ್ನೂ ವಿಶೇಷ ತರಬೇತಿಯನ್ನೂ ಹಕ್ಕಾಗಿಸಿದೆ. ಆದರೆ ಬಾರದ ಮಗುವಿನ ಮನೆಬಾಗಿಲು ತಟ್ಟಲು ಕಾಯ್ದೆಯೊಂದೇ ಸಾಲದು. ಊರನ್ನು ಬಲ್ಲವರು ಬೇಕು.