ಸಿಂಹಾಸನದಿಂದ ರಾಜಭವನಕ್ಕೆ: ಜಯಚಾಮರಾಜೇಂದ್ರ ಒಡೆಯರ ರಾಜ್ಯಪಾಲ ಪದವಿ

ಹಳೆಯ ಮೈಸೂರು ಸೀಮೆಯ ಜನರ ಮಾತಿನಲ್ಲಿ ಜಯಚಾಮರಾಜೇಂದ್ರ ಒಡೆಯರು (1919–1974) ಕೊನೆಯವರೆಗೂ ‘ಮಹಾರಾಜರು’. ಅವರು ಹತ್ತಿರ ಹತ್ತಿರ ಹತ್ತು ವರ್ಷ ಎರಡು ರಾಜ್ಯಗಳಲ್ಲಿ ರಾಜ್ಯಪಾಲರಾಗಿದ್ದ ಸಂಗತಿ ಈ ಸಂಬೋಧನೆಯಲ್ಲಿ ಮರೆಯಾಗಿದೆ. ಅವರನ್ನು ಕುರಿತ ಬರೆಹಗಳೂ ಬಹುಮಟ್ಟಿಗೆ ಅರಮನೆ ಮತ್ತು ಸಂಗೀತಗಳ ಸುತ್ತಲೇ ಸುಳಿಯುತ್ತವೆ. ಪ್ರಸ್ತುತ ಲೇಖನದ ಆಸಕ್ತಿ ಆ ಮರೆಯಾದ ಪದವಿಯಲ್ಲಿದೆ.

1940ರಲ್ಲಿ ಪಟ್ಟವೇರಿದ ಒಡೆಯರು 1947ರ ಆಗಸ್ಟ್‌ನಲ್ಲಿ ಭಾರತ ಒಕ್ಕೂಟ ಸೇರುವ ಪತ್ರಕ್ಕೆ ಸಹಿ ಹಾಕಿದರು. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ‘ಮೈಸೂರು ಚಲೋ’ ಚಳವಳಿಯ ಒತ್ತಡದಿಂದ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. 1950ರಲ್ಲಿ ಒಡೆಯರು ರಾಜಪ್ರಮುಖರಾದರು. ಈ ಪದವಿಗೂ ಅರಸೊತ್ತಿಗೆಗೂ ಇದ್ದ ನಂಟು ಇನ್ನೂ ಪೂರ್ಣವಾಗಿ ಕಡಿದಿರಲಿಲ್ಲ. 1956ರ ಸಂವಿಧಾನ ತಿದ್ದುಪಡಿಯು ರಾಜಪ್ರಮುಖ ಪದವಿಯನ್ನೇ ರದ್ದುಗೊಳಿಸಿತು. ಅದೇ ನವೆಂಬರ್ 1ರಂದು ಅವರು ವಿಶಾಲ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರಾದರು. ವಂಶದಿಂದ ಬಂದ ಪೀಠದ ಜಾಗದಲ್ಲಿ ಈಗ ರಾಷ್ಟ್ರಪತಿಯ ಇಚ್ಛೆಯಿರುವವರೆಗಿನ ಪದವಿ!

ಈ ಬದಲಾವಣೆಯ ತಿರುಳು ಹೊಸ ನಕಾಶೆಯಲ್ಲಿದೆ. ಮುಂಬಯಿ ಪ್ರಾಂತದಿಂದ, ಹೈದರಾಬಾದಿನಿಂದ, ಮದರಾಸಿನಿಂದ, ಕೊಡಗಿನಿಂದ ಬಂದ ಕನ್ನಡಿಗರಿಗೆ ಒಡೆಯರು ಎಂದೂ ದೊರೆಯಾಗಿದ್ದವರಲ್ಲ. ಕಲಬುರಗಿಯವನು ಕಂಡ ಅರಸ ನಿಜಾಮ. ಧಾರವಾಡದವನು ಕಂಡದ್ದು ಬ್ರಿಟಿಷ್ ಕಲೆಕ್ಟರನನ್ನು. ಅವರಿಗೆಲ್ಲ ಈ ವ್ಯಕ್ತಿ ಮೊದಲ ಸಲ ಎದುರಾದದ್ದು ರಾಜ್ಯಪಾಲರಾಗಿಯೇ. 1958ರಲ್ಲಿ ಮುಖ್ಯಮಂತ್ರಿಯಾದ ಬಿ.ಡಿ. ಜತ್ತಿಯವರು ಜಮಖಂಡಿ ಎಂಬ ಬೇರೊಂದು ಸಂಸ್ಥಾನದ ಆಡಳಿತದಲ್ಲಿ ಪಳಗಿ ಬಂದವರು. ಹಳೆಯ ಮೈಸೂರಿನಲ್ಲಿ ಏಕೀಕರಣಕ್ಕೆ ವಿರೋಧವೂ ಇದ್ದಿತು. ಆ ಭಾಗದ ಜನಕ್ಕೆ ‘ನಮ್ಮ ಮಹಾರಾಜರೇ ಇದ್ದಾರೆ’ ಎಂಬ ಧೈರ್ಯ, ಉಳಿದವರಿಗೆ ಸಂವಿಧಾನದ ಭರವಸೆ, ಇವೆರಡೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದು ಹೊಸ ರಾಜ್ಯದ ಮೊದಲ ವರ್ಷಗಳಿಗೆ ನೆರವಾಯಿತೆಂದೇ ನನ್ನ ಗ್ರಹಿಕೆ.

ಆದರೆ ನವರಾತ್ರಿ ಬಂದಾಗ ಈ ಕೂಡಿಕೆ ತೊಡಕಾಗಿಯೂ ಕಾಣುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದರೆನ್ನಲಾದ ದಸರೆಯಲ್ಲಿ ಅರಸ ಕೇವಲ ಪ್ರೇಕ್ಷಕನಲ್ಲ. ಕಂಕಣ ಕಟ್ಟಿಕೊಂಡ ವ್ರತಧಾರಿ. ಸಿಂಹಾಸನವೇರುವುದು, ಆಯುಧಪೂಜೆ, ವಿಜಯದಶಮಿಯಂದು ಅಂಬಾರಿಯಲ್ಲಿ ಕುಳಿತು ಬನ್ನಿಮಂಟಪಕ್ಕೆ ಹೋಗುವುದು, ಇವೆಲ್ಲ ಅವನ ಶರೀರದ ಮೂಲಕವೇ ನಡೆಯತಕ್ಕ ವಿಧಿಗಳು. ಪ್ರಜಾಪ್ರಭುತ್ವದ ರಾಜ್ಯಪಾಲರು ಆನೆಯ ಮೇಲೆ ಅರಸರಾಗಿ ಬರುವುದನ್ನು ಬೀದಿಯ ಇಕ್ಕೆಲದ ಜನ ವಿರೋಧಾಭಾಸವೆಂದು ಕಾಣಲಿಲ್ಲ. ಕಾನೂನಿನ ಭಾಷೆಗೂ ಜನಪದದ ಭಾಷೆಗೂ ನಡುವಿನ ಅಂತರ ಇಷ್ಟು ಸ್ಪಷ್ಟವಾಗಿ ಕಾಣಸಿಗುವ ಪ್ರಸಂಗ ನಮ್ಮ ಆಧುನಿಕ ಚರಿತ್ರೆಯಲ್ಲಿ ವಿರಳ.

1964ರ ಮೇ ತಿಂಗಳಲ್ಲಿ ಒಡೆಯರು ಮದರಾಸಿನ ರಾಜ್ಯಪಾಲರಾಗಿ ಹೋದರು. ಮೈಸೂರಿನಲ್ಲಿ ಆ ಸ್ಥಾನಕ್ಕೆ ಬಂದವರು ಜನರಲ್ ಎಸ್.ಎಂ. ಶ್ರೀನಾಗೇಶ್, ಭೂಸೇನೆಯ ನಿವೃತ್ತ ಮುಖ್ಯಸ್ಥರು. ಅರಮನೆಯೂ ರಾಜಭವನವೂ ಬೇರೆಬೇರೆಯಾದದ್ದು ನಿಜವಾಗಿ ಆಗಲೇ. ಮದರಾಸಿನಲ್ಲಿ ಒಡೆಯರಿಗೆ ಸಿಂಹಾಸನವಿರಲಿಲ್ಲ, ವಿಧಿಗಳಿರಲಿಲ್ಲ. 1965ರ ಹಿಂದಿ ವಿರೋಧಿ ಚಳವಳಿಯ ಬಿಸಿಯಲ್ಲಿ ಅವರು ಶುದ್ಧಾಂಗ ರಾಜ್ಯಪಾಲರು ಮಾತ್ರ. 1966ರ ಜೂನ್‌ನಲ್ಲಿ ಆ ಅಧಿಕಾರಾವಧಿ ಮುಗಿಯಿತು.

1971ರ ತಿದ್ದುಪಡಿ ರಾಜಧನವನ್ನೂ ಅರಸರ ಮನ್ನಣೆಯನ್ನೂ ತೆಗೆದುಹಾಕಿತು. ಮುಂದೆ ದಸರೆ ಸರ್ಕಾರದ ನಾಡಹಬ್ಬವಾಯಿತು. ಅಂಬಾರಿಯಲ್ಲಿ ಅರಸರ ಜಾಗಕ್ಕೆ ಚಾಮುಂಡೇಶ್ವರಿಯ ಮೂರ್ತಿ ಬಂದಿತು.