ಪ್ರಾಚೀನ ಕರ್ನಾಟಕದ ಮದ್ಯ: ಅಧ್ಯಯನ ಸಾಗಿಬಂದ ದಾರಿ

ಪ್ರಾಚೀನ ಭಾರತದ ಮದ್ಯಗಳ ಬಗ್ಗೆ ರಾಜೇಂದ್ರಲಾಲ್ ಮಿತ್ರ 1873ರಲ್ಲಿ ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದಾಗ, ಪೂರ್ವಿಕರು ಕುಡಿಯುತ್ತಿದ್ದರೋ ಇಲ್ಲವೋ ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಉತ್ತರ ಹುಡುಕಲು ಕೈಯಲ್ಲಿದ್ದದ್ದು ವೇದ, ಸ್ಮೃತಿ, ಕಾವ್ಯಗಳು. ಧರ್ಮಶಾಸ್ತ್ರವು ಸುರಾಪಾನವನ್ನು ಮಹಾಪಾತಕಗಳ ಸಾಲಿಗೆ ಸೇರಿಸಿದೆ. ಆದರೆ ನಿಷೇಧವೇ ಬಳಕೆಗೆ ಸಾಕ್ಷಿಯೂ ಹೌದು. ಬೌಧಾಯನ ಧರ್ಮಸೂತ್ರವಂತೂ ಕಬ್ಬಿನ ರಸದ ಮದ್ಯವಾದ ಸೀಧುವಿನ ಸೇವನೆಯನ್ನು ಉತ್ತರದವರ ರೂಢಿ ಎಂದೂ, ಸೋದರಮಾವನ ಮಗಳನ್ನು ಮದುವೆಯಾಗುವುದನ್ನು ದಕ್ಷಿಣದವರ ರೂಢಿ ಎಂದೂ ಹೆಸರಿಸುತ್ತದೆ. ಎರಡನೆಯ ಮಾತು ಎಷ್ಟು ನಿಜವೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಆದರೆ ಮೊದಲನೆಯದರಿಂದ ದಕ್ಷಿಣದವರು ಕುಡಿಯುತ್ತಿರಲಿಲ್ಲ ಎಂದು ತೀರ್ಮಾನಿಸುವಂತಿಲ್ಲ.

ಚರ್ಚೆಯ ದಿಕ್ಕು ಬದಲಾದದ್ದು ಮೈಸೂರಿನಲ್ಲಿ. ಅಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿದರು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಪುಸ್ತಕರೂಪದಲ್ಲಿ ಬಂದವು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಪಾಪಪುಣ್ಯದ ಗೊಡವೆ ಅಲ್ಲಿಲ್ಲ. ಇರುವುದೆಲ್ಲ ಅಂಗಡಿ, ಅಳತೆ, ಸುಂಕ, ಗೂಢಚಾರರ ವಿಚಾರ. ಪಾನಗೃಹದಲ್ಲಿ ಬೇರೆಬೇರೆ ಕೋಣೆ, ಹಾಸಿಗೆ, ಹೂಮಾಲೆ, ನೀರು ಇರಬೇಕು. ತನ್ನ ಅಂತಸ್ತಿಗೆ ಮೀರಿ ಖರ್ಚು ಮಾಡುವವನ ಮೇಲೆ ಕಣ್ಣಿಡಬೇಕು. ಉತ್ಸವ, ಜಾತ್ರೆಗಳಲ್ಲಿ ನಾಲ್ಕು ದಿನ ಮದ್ಯಕ್ಕೆ ರಿಯಾಯಿತಿ.

ತಯಾರಿಕೆಯ ವಿವರಗಳು ಇನ್ನೂ ಸ್ವಾರಸ್ಯಕರ. ಮೇದಕವೆಂಬ ಮದ್ಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ಒಂದೇ ಮಾನದಲ್ಲಿ ಹೇಳುವುದಾದರೆ ಹದಿನಾರು ಪಾಲು ನೀರಿಗೆ ಎರಡು ಪಾಲು ಅಕ್ಕಿ, ಮೂರು ಪಾಲು ಕಿಣ್ವ. ಆ ಕಿಣ್ವವಾದರೂ ಏನು? ಹಸಿಯದೋ ಬೇಯಿಸಿದ್ದೋ ಉದ್ದಿನ ಹಿಟ್ಟು, ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಅಕ್ಕಿ, ಜೊತೆಗೆ ಕೆಲವು ಮೂಲಿಕೆ. ಅಕ್ಕಿ-ಉದ್ದು ಎಂದ ಕೂಡಲೇ ಇಡ್ಲಿ ಹಿಟ್ಟು ನೆನಪಾಗುವುದು ಸಹಜ. ಆದರೆ ಸುಮಾರು 920ರ ವಡ್ಡಾರಾಧನೆಯ ಇಡ್ಡಲಿಗೆಯಲ್ಲಿ ಅಕ್ಕಿಯೂ ಇಲ್ಲ, ಹುದುಗಿಸುವ ಮಾತೂ ಇಲ್ಲ ಎಂಬುದನ್ನು ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರವಿಜ್ಞಾನಿ ಕೆ.ಟಿ. ಅಚ್ಚಯ ಎತ್ತಿ ತೋರಿಸಿದ್ದಾರೆ. ಭಾರತೀಯ ಆಹಾರದ ಇತಿಹಾಸ ಕುರಿತ ಅವರ ಗ್ರಂಥ 1994ರಲ್ಲಿ ಪ್ರಕಟವಾಯಿತು.

ಕನ್ನಡನಾಡಿನ ಗ್ರಂಥಗಳು ಹೇಳುವುದು ಬಹುಪಾಲು ಅರಮನೆಯ ಕಥೆ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪನೂ ಪಾನಗೋಷ್ಠಿಯನ್ನು ಬಿಟ್ಟಿಲ್ಲ. ಮದ್ಯ, ಮಾಂಸ, ಮಧು ಮೂರನ್ನೂ ತ್ಯಜಿಸಬೇಕೆಂಬ ಜೈನಮತದ ಕವಿ ಅವನು ಎಂಬುದು ಗಮನಾರ್ಹ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ (ಸುಮಾರು 1129) ಉಯ್ಯಾಲೆ, ಜಲಕ್ರೀಡೆಗಳ ಪಂಕ್ತಿಯಲ್ಲೇ ಮದಿರಾಪಾನಕ್ರೀಡೆಯನ್ನೂ ಇಡುತ್ತದೆ. ಅದೇ ಶತಮಾನದಲ್ಲಿ ಹೆಂಡ ಮಾರುವವನ ದನಿಯೂ ಕೇಳಿಸುತ್ತದೆ: ಹೆಂಡದ ಮಾರಯ್ಯನೆಂಬ ಶರಣನದು. ತನ್ನ ಕಸುಬಿನ ಪರಿಭಾಷೆಯಲ್ಲೇ ಅವನು ವಚನ ಹೇಳಿದ. ಮದ್ಯದ ಇತಿಹಾಸಕಾರರು ಮಾನಸೋಲ್ಲಾಸವನ್ನು ತಿರುವಿದಷ್ಟು ಮಾರಯ್ಯನನ್ನು ಓದದಿರುವುದು ಈ ಕ್ಷೇತ್ರದ ದೊಡ್ಡ ಕೊರತೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪುರಾತತ್ತ್ವ ಜೊತೆಗೂಡಿತು. 1952ರಲ್ಲಿ ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದ್ದ ಎಫ್.ಆರ್. ಆಲ್ಚಿನ್, 1979ರಲ್ಲಿ ಗಾಂಧಾರದ ಮಡಕೆಗಳನ್ನು ಆಧರಿಸಿ, ಭಟ್ಟಿ ಇಳಿಸುವ ವಿದ್ಯೆ ಮೊದಲು ಬೆಳೆದದ್ದು ಭಾರತದಲ್ಲಿಯೇ ಇರಬಹುದೆಂದು ವಾದಿಸಿದರು. ಈ ವಾದಕ್ಕೆ ಎಲ್ಲರ ಒಪ್ಪಿಗೆ ಸಿಕ್ಕಿಲ್ಲ. ಅರ್ಥಶಾಸ್ತ್ರದ ಸುರೆಯಂತೂ ಹುದುಗಿಸಿದ್ದು, ಸಾರಾಯಿಯಲ್ಲ. 2004ರಲ್ಲಿ ಪ್ಯಾಟ್ರಿಕ್ ಮೆಕ್‌ಗವರ್ನ್ ತಂಡ ಚೀನಾದ ಜಿಯಾಹು ಎಂಬಲ್ಲಿನ ಮಡಕೆಚೂರುಗಳಿಗೆ ಅಂಟಿದ್ದ ಶೇಷವನ್ನು ಪರೀಕ್ಷಿಸಿ, ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆಯೇ ಅಕ್ಕಿ, ಜೇನು, ಹಣ್ಣು ಬೆರೆಸಿದ ಪಾನೀಯವಿತ್ತೆಂದು ತೋರಿಸಿತು. ಗ್ರಂಥಗಳಿಲ್ಲದ ಕಾಲದ ಕುಡಿತವನ್ನೂ ತಿಳಿಯಬಹುದೆಂಬ ಧೈರ್ಯ ಬಂದದ್ದು ಇಂಥ ಕೆಲಸಗಳಿಂದ. 2021ರಲ್ಲಿ ಜೇಮ್ಸ್ ಮೆಕ್‌ಹ್ಯೂ ಭಾರತದ ಮದ್ಯಗಳ ಬಗ್ಗೆ ಒಂದು ಇಡೀ ಗ್ರಂಥವನ್ನೇ ಬರೆದು, ಸಂಸ್ಕೃತ ಮೂಲಗಳನ್ನು ಹೊಸದಾಗಿ ಓದಿದರು.

ಇದುವರೆಗಿನದು ಗ್ರಂಥ, ಮಡಕೆಗಳ ಮಾತು. ಮಾರಯ್ಯ ಮಾರುತ್ತಿದ್ದಂಥ ಹೆಂಡಕ್ಕಾದರೋ ಕಿಣ್ವ ಬೇಡ. ಈಚಲು, ತಾಳೆ, ತೆಂಗು, ಬಗನಿ ಮರಗಳಿಂದ ಬೆಳಗ್ಗೆ ಇಳಿಸಿದ ಸಿಹಿರಸ ಸಂಜೆಯ ಹೊತ್ತಿಗೆ ತಾನೇ ಹುಳಿಯೇರುತ್ತದೆ. ಹಾಗಾಗಿ ಅದಕ್ಕೆ ಪಾಕಗ್ರಂಥವೂ ಬೇಕಾಗಲಿಲ್ಲ. ಅದರ ಕುರುಹು ಹುಡುಕಬೇಕಾದದ್ದು ಆಚರಣೆ, ಕಸುಬುಗಳಲ್ಲಿ. ತುಳುನಾಡಿನಲ್ಲಿ ಕೊರಗಜ್ಜನೆಂಬ ದೈವಕ್ಕೆ ಕಳ್ಳಿನ ನೈವೇದ್ಯ ಈಗಲೂ ಸಲ್ಲುತ್ತದೆ. ಕೊಡವರು ಕಾರೋಣರಿಗೆ, ಅಂದರೆ ಕುಲದ ಹಿರಿಯರಿಗೆ, ಎಡೆ ಇಡುವಾಗ ಮಾಂಸದ ಜೊತೆ ಮದ್ಯವೂ ಇರುತ್ತದೆ. ಒಳನಾಡಿನ ಈಡಿಗರಲ್ಲಿ ಹೆಂಡಕ್ಕಾಗಿ ಮರ ಕಟ್ಟುವ ಕಸುಬು ಬಹುಮಟ್ಟಿಗೆ ನಿಂತಿದೆ, ಬಿಲ್ಲವರ ಕರಾವಳಿಯಲ್ಲಿ ಅಷ್ಟಿಷ್ಟು ಉಳಿದಿದೆ. ಬಲ್ಲ ಹಿರಿಯರು ಇರುವಾಗಲೇ ಆ ಕಸುಬಿನ ವಿವರಗಳನ್ನು ದಾಖಲಿಸಿಕೊಳ್ಳುವುದು ಕರ್ನಾಟಕದ ಸಂಶೋಧಕರು ಮೊದಲು ಮಾಡಬೇಕಾದ ಕೆಲಸ.